ಕಾರ್ಡ್ ಇಲ್ಲದೆ ಎಟಿಎಂ ಹಣ: ಕೀಲಿಕೈ ಯಾರ ಕೈಯಲ್ಲಿ?

ಹಾಸನದ ಬಿ.ಎಂ. ರಸ್ತೆಯ ಒಂದು ಎಟಿಎಂ. ತಿಂಗಳ ಮೊದಲ ವಾರ. ಮಗ್ರಿಬ್ ಅಝಾನ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಸಾಲಿನಲ್ಲಿ ಸುಮಾರು ಅರುವತ್ತೈದು ವಯಸ್ಸಿನ ಒಬ್ಬ ತಾಯಿ ನಿಂತಿದ್ದರು. ಅವರ ಹಿಂದೆ ಒಬ್ಬ ಯುವಕ, ಅವನ ಹಿಂದೆ ನಾನು. ತಾಯಿಯ ಕೈಯಲ್ಲಿ ಒಂದು ಸಣ್ಣ ಬಟ್ಟೆಯ ಚೀಲವಿತ್ತು. ಅದರೊಳಗೆ ಕಾರ್ಡ್, ಕಾರ್ಡಿಗೆ ಸುತ್ತಿದ ಒಂದು ಕಾಗದದ ಚೂರು, ಆ ಚೂರಿನಲ್ಲಿ ನಾಲ್ಕು ಅಂಕಿಗಳು. ತಮ್ಮ ಸರದಿ ಬಂದಾಗ ಅವರು ಒಳಗೆ ಹೋಗಲಿಲ್ಲ. ಹಿಂದೆ ತಿರುಗಿ ಕಾರ್ಡನ್ನೂ ಚೀಟಿಯನ್ನೂ ಒಟ್ಟಿಗೇ ಆ ಯುವಕನ ಕೈಗಿಟ್ಟು, "ಮಗಾ, ಎರಡು ಸಾವಿರ ತೆಗೆದುಕೊಡಪ್ಪಾ" ಎಂದರು.

ಯುವಕ ಒಳ್ಳೆಯವನು. ಹಣ, ಕಾರ್ಡ್, ಚೀಟಿ ಮೂರನ್ನೂ ಮರಳಿಸಿ, "ಈ ನಂಬರನ್ನು ಯಾರಿಗೂ ತೋರಿಸಬೇಡಿ ಅಜ್ಜೀ" ಎಂದು ಹೇಳಿ ಹೋದ. ಪಕ್ಕದ ಯಂತ್ರದ ಮುಂದೆ ಕಾಲೇಜು ಚೀಲ ಹೊತ್ತ, ಬುರ್ಖಾ ಧರಿಸಿದ ಒಬ್ಬ ಹುಡುಗಿ ನಿಂತಿದ್ದಳು. ಅವಳು ಕಾರ್ಡನ್ನು ಹೊರತೆಗೆಯಲೇ ಇಲ್ಲ. ಮೊಬೈಲನ್ನು ಯಂತ್ರದ ಪರದೆಗೆ ಹಿಡಿದಳು, ಮೊಬೈಲಿನಲ್ಲೇ ಏನನ್ನೋ ಒತ್ತಿದಳು, ಹಣ ತೆಗೆದುಕೊಂಡು ಹೊರಬಂದಳು. ಇದನ್ನೆಲ್ಲ ನೋಡುತ್ತಿದ್ದ ಆ ತಾಯಿ ನನ್ನ ಕಡೆ ತಿರುಗಿ, "ಕಾರ್ಡೇ ಇಲ್ಲದೆ ದುಡ್ಡು ಹೆಂಗಮ್ಮಾ ಬಂತು?" ಎಂದು ಕೇಳಿದರು.

ಸಹೋದರಿಯರೇ, ಆ ಪ್ರಶ್ನೆಗೆ ಅಂದು ನಿಂತಲ್ಲೇ ಎರಡು ಮಾತಿನಲ್ಲಿ ಉತ್ತರ ಹೇಳಿದೆ. ಆದರೆ ಅದು ಸಾಲದು ಎಂದು ನಂತರ ಅನಿಸಿತು. ಹಣ ಹೇಗೆ ಬಂತು ಎನ್ನುವುದಕ್ಕಿಂತ, ಕಾರ್ಡ್ ಇದ್ದೂ ಜನ ಅದನ್ನು ಯಾಕೆ ಮನೆಯಲ್ಲಿಟ್ಟು ಬರುತ್ತಿದ್ದಾರೆ ಎನ್ನುವುದೇ ನಾವು ಅರಿಯಬೇಕಾದ ವಿಷಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ನನಗೆ ಪರಿಚಯವಿರುವ ಕೆಲವು ಮನೆಗಳಲ್ಲಿ ಈ ಪ್ರಶ್ನೆಯನ್ನು ಕೇಳಿದೆ. ಉತ್ತರಗಳು ಬೇರೆ ಬೇರೆ. ಆದರೆ ಎಲ್ಲ ಉತ್ತರಗಳೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ನನ್ನ ಹಣದ ಕೀಲಿಕೈ ಯಾರ ಕೈಯಲ್ಲಿದೆ?

ನಾಲ್ಕು ಊರು, ನಾಲ್ಕು ಕಾರಣ

ಹಾಸನದ ಸಹೋದರಿ ಹೇಳಿದ ಕಾರಣ ತೀರಾ ಸರಳವಾದುದು. ಅತ್ತೆಗೆ ರಾತ್ರಿ ಹಠಾತ್ತನೆ ಎದೆನೋವು ಕಾಣಿಸಿಕೊಂಡು ಆಸ್ಪತ್ರೆಗೆ ಓಡಿದ್ದರು. ಮೈಮೇಲಿದ್ದ ಬಟ್ಟೆಯಲ್ಲೇ ಆಟೋ ಹತ್ತಿದ್ದರಿಂದ ಪರ್ಸು ಮನೆಯಲ್ಲೇ ಉಳಿದಿತ್ತು. ಆದರೆ ಮೊಬೈಲ್ ಕೈಯಲ್ಲಿತ್ತು. ಔಷಧಿ, ಆಟೋ, ಬೆಳಗಿನ ಚಹಾ ಎಲ್ಲದಕ್ಕೂ ನಗದು ಬೇಕಿತ್ತು. ಹತ್ತಿರದ ಎಟಿಎಂನಲ್ಲಿ ಮೊಬೈಲಿನಿಂದಲೇ ಹಣ ತೆಗೆದರು. "ಕಾರ್ಡನ್ನು ಮರೆಯುತ್ತೇವೆ ಆಪಾ, ಮೊಬೈಲನ್ನು ಮರೆಯುವುದಿಲ್ಲ" ಎಂದರು. ಹೆಚ್ಚಿನವರು ಮೊದಲ ಸಲ ಈ ದಾರಿ ಹಿಡಿಯುವುದು ಹೀಗೆಯೇ.

ಹೊಳೆನರಸೀಪುರದ ಕಾರಣ ಕಹಿಯಾದುದು. ಅಲ್ಲಿನ ಒಬ್ಬ ಹಿರಿಯರು ಪಿಂಚಣಿ ಹಣ ತೆಗೆಯಲು ಹೋದಾಗ ಯಂತ್ರ ಕಾರ್ಡನ್ನು ಸ್ವೀಕರಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದವನೊಬ್ಬ ಸಹಾಯಕ್ಕೆ ಬಂದ. ಕಾರ್ಡನ್ನು ತನ್ನ ಬಟ್ಟೆಗೆ ಉಜ್ಜಿ ಹಾಕಿ ನೋಡಿದ, ಪಿನ್ ಒತ್ತಲು ಹೇಳಿದ, "ಹಣ ಇಲ್ಲವಂತೆ" ಎಂದು ಕಾರ್ಡನ್ನು ಮರಳಿಸಿದ. ಮನೆಗೆ ಬಂದು ನೋಡಿದರೆ ಕೈಯಲ್ಲಿರುವುದು ಅದೇ ಬಣ್ಣದ ಬೇರೆ ಯಾರದೋ ಕಾರ್ಡ್! ಅಷ್ಟರಲ್ಲಿ ಖಾತೆ ಬರಿದಾಗಿತ್ತು. ಇದು ಒಂದು ಊರಿನ ಕಥೆಯಲ್ಲ. ಕಾರ್ಡ್ ಬದಲಿಸಿ ವಂಚಿಸಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಮೋಸ ಹೋಗುವವರಲ್ಲಿ ವೃದ್ಧರು ಮತ್ತು ಓದಲು ಬಾರದ ಮಹಿಳೆಯರೇ ಹೆಚ್ಚು. ಆ ಮನೆಯಲ್ಲಿ ಈಗ ಮಗಳು ತಂದೆಯನ್ನು ಕರೆದುಕೊಂಡು ಹೋಗುತ್ತಾಳೆ. ತಂದೆ ತಮ್ಮದೇ ಮೊಬೈಲಿನಲ್ಲಿ ತಾವೇ ಪಿನ್ ಒತ್ತುತ್ತಾರೆ. ಬದಲಿಸಲು ಕಾರ್ಡೇ ಇಲ್ಲ.

ಅರಕಲಗೂಡಿನ ಕಾರಣ ನಮ್ಮ ರಾಜ್ಯದ ಬ್ಯಾಂಕುಗಳ ಇತಿಹಾಸಕ್ಕೆ ಸಂಬಂಧಿಸಿದ್ದು. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಪರಿಚಿತ ಬ್ಯಾಂಕುಗಳ ಹೆಸರುಗಳೇ ಅಳಿಸಿಹೋದವು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾವನ್ನು ಸೇರಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿಕೊಂಡವು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇತರರೊಂದಿಗೆ ಸೇರಿ 5,000 ರೂ. ಬಂಡವಾಳದಿಂದ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ನಮ್ಮ ಕಡೆಯ ಕಾವೇರಿ ಗ್ರಾಮೀಣ ಬ್ಯಾಂಕ್ ಕೂಡ 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹೀಗೆ ಹೆಸರು ಬದಲಾದಾಗ ಪಾಸ್‌ಬುಕ್ ಬದಲಾಯಿತು, ಐಎಫ್ಎಸ್‌ಸಿ ಬದಲಾಯಿತು, ಕಾರ್ಡ್‌ಗಳೂ ಬದಲಾದವು.

ಅರಕಲಗೂಡು ಕಡೆಯ ಹಳ್ಳಿಯ ಆ ಸಹೋದರಿಯ ಹಳೆಯ ಕಾರ್ಡಿನ ಅವಧಿ ಮುಗಿದಿತ್ತು. ಹೊಸ ಕಾರ್ಡ್ ಹಳೆಯ ವಿಳಾಸಕ್ಕೆ ಹೋಗಿ ಮರಳಿತ್ತು. ಶುಂಠಿ ಹೊಲದ ಕೂಲಿಯೂ ಡೇರಿಯ ಹಾಲಿನ ಬಟವಾಡೆಯೂ ಖಾತೆಗೆ ಬರುತ್ತಿತ್ತು. ಆದರೆ ತೆಗೆಯಬೇಕಾದರೆ ಒಂದು ದಿನದ ಕೆಲಸ ಬಿಟ್ಟು ಶಾಖೆಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಪಿಯುಸಿ ಓದುವ ಮಗಳು ಆಧಾರ್‌ಗೆ ಬರುವ ಒಟಿಪಿಯ ಮೂಲಕ ತಾಯಿಯ ಮೊಬೈಲಿನಲ್ಲಿ ಯುಪಿಐ ಪಿನ್ ಮಾಡಿಸಿಕೊಟ್ಟಳು. ಕಾರ್ಡ್‌ಗೆ ವಾರ್ಷಿಕ ಶುಲ್ಕ ಕಡಿತವಾಗುವುದನ್ನು ಕಂಡು, "ಬೇಕೇ ಬೇಕೆಂದಿದ್ದರೆ ಮಾತ್ರ ಮಾಡಿಸಿಕೊಳ್ಳುತ್ತೇನೆ" ಎಂದು ಅವರು ಸುಮ್ಮನಾದರು.

ಚನ್ನರಾಯಪಟ್ಟಣದ ಉತ್ತರವನ್ನು ನಾನು ಮರೆಯಲಾರೆ. ಆ ಸಹೋದರಿಯ ಪತಿ ತೆಂಗಿನಕಾಯಿ ಲಾರಿಯ ಚಾಲಕರು. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆತ ಬಳಿಕ ಮನೆಯ ಯಜಮಾನಿಯಾದ ಇವರ ಹೆಸರಿಗೆ ತಿಂಗಳ 2,000 ರೂ. ಜಮೆಯಾಗತೊಡಗಿತು. ಖಾತೆ ಹೆಂಡತಿಯದು, ಕಾರ್ಡ್ ಗಂಡನ ಜೇಬಿನಲ್ಲಿ. ಗಂಡ ಕೆಟ್ಟವರಲ್ಲ. "ನೀನು ಎಟಿಎಂಗೆ ಹೋಗಿ ಯಾಕೆ ಕಷ್ಟಪಡಬೇಕು" ಎಂಬ ಕಾಳಜಿಯಿಂದಲೇ ಇಟ್ಟುಕೊಂಡಿದ್ದರು. ಆದರೆ ದಾರಿಯಲ್ಲಿ ಟೈರ್ ಪಂಕ್ಚರ್ ಆದಾಗ, ಡೀಸೆಲ್‌ಗೆ ಸಾಲದಾದಾಗ ಆ ಕಾರ್ಡ್ ಕೆಲಸಕ್ಕೆ ಬರುತ್ತಿತ್ತು. ಮಗುವಿನ ಶಾಲೆಯ ಶುಲ್ಕಕ್ಕೆ ನೋಡಿದರೆ ಖಾತೆಯಲ್ಲಿ ಎಪ್ಪತ್ತು ರೂಪಾಯಿ. ಕೇಳಿದರೆ ಜಗಳ, ಕೇಳದಿದ್ದರೆ ನೋವು. ಕೊನೆಗೆ ಅವರು ಜಗಳವಾಡಲಿಲ್ಲ, ಕಾರ್ಡನ್ನು ಮರಳಿ ಕೇಳಲೂ ಇಲ್ಲ. ತಮ್ಮ ಮೊಬೈಲಿನಲ್ಲಿ ಕಾರ್ಡ್‌ರಹಿತ ವ್ಯವಸ್ಥೆ ಮಾಡಿಕೊಂಡು, ಹಣ ಜಮೆಯಾದ ದಿನವೇ ಶುಲ್ಕದ ಹಣ ತೆಗೆದು ಡಬ್ಬಿಯಲ್ಲಿಟ್ಟರು. ಆಮೇಲೆ ಪತಿಗೆ ತಾವೇ ಫೋನ್ ಮಾಡಿ ತಿಳಿಸಿದರು. "ಅವರು ನಕ್ಕರು ಆಪಾ, 'ಅಂತೂ ಕಲಿತೆಯಲ್ಲ' ಅಂದರು" ಎಂದು ಹೇಳುವಾಗ ಅವರ ಮುಖದಲ್ಲಿ ಏನೋ ಒಂದು ಹಗುರವಿತ್ತು.

ಕಾರ್ಡ್ ಕೊಟ್ಟು ಸೋತ ಒಂದು ಪ್ರಕರಣ

"ಗಂಡನಿಗೆ ಕಾರ್ಡ್ ಕೊಟ್ಟರೆ ತಪ್ಪೇನು?" ಎಂದು ನೀವು ಕೇಳಬಹುದು. ಮನೆಯ ಲೆಕ್ಕದಲ್ಲಿ ತಪ್ಪಿಲ್ಲ. ಬ್ಯಾಂಕಿನ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ನಡೆದ ಒಂದು ಪ್ರಕರಣವನ್ನು ಪ್ರತಿಯೊಬ್ಬ ಗೃಹಿಣಿಯೂ ತಿಳಿದಿರಬೇಕು.

2013ರ ನವೆಂಬರ್‌ನಲ್ಲಿ ಹೆರಿಗೆ ರಜೆಯಲ್ಲಿದ್ದ ಒಬ್ಬ ಮಹಿಳೆ ತಮ್ಮ ಕಾರ್ಡನ್ನೂ ಪಿನ್ನನ್ನೂ ಪತಿಗೆ ಕೊಟ್ಟು 25,000 ರೂ. ತರಲು ಕಳುಹಿಸಿದರು. ಎಟಿಎಂನಿಂದ ಚೀಟಿ ಬಂತು, ಹಣ ಬರಲಿಲ್ಲ. ಖಾತೆಯಿಂದ ಮಾತ್ರ ಹಣ ಕಡಿತವಾಯಿತು. ದೂರು, ಸಿಸಿಟಿವಿ, ಮಾಹಿತಿ ಹಕ್ಕು ಅರ್ಜಿ ಎಲ್ಲ ಮುಗಿದು ವಿಷಯ ಗ್ರಾಹಕರ ವೇದಿಕೆಗೆ ಹೋಯಿತು. ಸಿಸಿಟಿವಿಯಲ್ಲಿ ಕಂಡದ್ದು ಪತಿ, ಕಾರ್ಡಿನ ಒಡತಿಯಲ್ಲ. ಪಿನ್ನನ್ನು ಇನ್ನೊಬ್ಬರಿಗೆ ಹೇಳಿರುವುದೇ ನಿಯಮದ ಉಲ್ಲಂಘನೆ ಎಂದು ಬ್ಯಾಂಕ್ ವಾದಿಸಿತು. 2018ರಲ್ಲಿ ವೇದಿಕೆ ಆ ವಾದವನ್ನು ಒಪ್ಪಿತು. ತಾನು ಹೋಗಲಾಗದಿದ್ದರೆ ಸ್ವಂತ ಹೆಸರಿನ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಟ್ಟು ಪತಿಯನ್ನು ಕಳುಹಿಸಬೇಕಿತ್ತು ಎಂದು ಹೇಳಿ ದೂರನ್ನು ವಜಾ ಮಾಡಿತು. ಮೂರೂವರೆ ವರ್ಷಗಳ ಹೋರಾಟದ ಫಲ ಶೂನ್ಯ.

ನೋಡಿ, ಹಣ ತೆಗೆಯಲು ಹೋದವರು ಕಳ್ಳರಲ್ಲ, ಸ್ವಂತ ಗಂಡ. ಆದರೂ ಆ ಹಣ ಹೋಯಿತು. ಕಾರ್ಡ್ ಮತ್ತು ಪಿನ್ ಎರಡೂ ಒಟ್ಟಿಗೆ ಒಬ್ಬರ ಕೈ ಸೇರಿದರೆ ಅವರಿಗೆ ಹೋಗುವುದು ಎರಡು ಸಾವಿರವಲ್ಲ, ಇಡೀ ಖಾತೆ. ನಾವು ಕೊಡಲು ಬಯಸಿದ್ದು ಒಂದು ಲೋಟ ನೀರು, ಕೊಟ್ಟದ್ದು ಬಾವಿಯ ಹಗ್ಗ. ಕಾರ್ಡ್‌ರಹಿತ ವ್ಯವಸ್ಥೆಯಲ್ಲಿ ಮೊತ್ತವನ್ನು ಮೊದಲೇ ನಿಗದಿ ಮಾಡಬೇಕು. ಆ ಒಂದು ಸಲಕ್ಕೆ, ಆ ಒಂದು ಮೊತ್ತಕ್ಕೆ ಮಾತ್ರ ಬಾಗಿಲು ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಜನ ಇದನ್ನು ಆರಿಸಿಕೊಳ್ಳುತ್ತಿರುವುದರ ಒಳಗುಟ್ಟು ಇದೇ.

ಮೊದಲ ಎಟಿಎಂಗೂ ಕಾರ್ಡ್ ಇರಲಿಲ್ಲ!

ಇದು ಹೊಸ ಕಾಲದ ಹೊಸ ವಿಚಾರ ಎಂದು ನಾವು ಭಾವಿಸುತ್ತೇವೆ. ಆದರೆ 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್ ಎಂಬಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಇಟ್ಟ ಮೊದಲ ಹಣದ ಯಂತ್ರಕ್ಕೂ ಕಾರ್ಡ್ ಇರಲಿಲ್ಲ. ವಿಶೇಷ ರಾಸಾಯನಿಕ ಗುರುತಿದ್ದ ಕಾಗದದ ಚೆಕ್ಕನ್ನು ಹಾಕಿ ರಹಸ್ಯ ಸಂಖ್ಯೆಯನ್ನು ಒತ್ತಬೇಕಿತ್ತು. ಅದನ್ನು ರೂಪಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ದೇಶದ ಶಿಲ್ಲಾಂಗ್‌ನಲ್ಲಿ. ರಹಸ್ಯ ಸಂಖ್ಯೆ ಆರು ಅಂಕಿಗಳದ್ದಾಗಿರಲಿ ಎಂದು ಅವರು ಯೋಚಿಸಿದ್ದರಂತೆ. ನಾಲ್ಕಕ್ಕಿಂತ ಹೆಚ್ಚು ನೆನಪಿಡಲಾರೆ ಎಂದು ಅಡುಗೆಮನೆಯ ಮೇಜಿನ ಬಳಿ ಹೆಂಡತಿ ಹೇಳಿದ್ದರಿಂದ ನಾಲ್ಕಕ್ಕೆ ಇಳಿಸಿದರು ಎಂದು ಅವರೇ ಹೇಳಿಕೊಂಡಿದ್ದಾರೆ. ಇಂದು ನಾವು ಒತ್ತುವ ನಾಲ್ಕು ಅಂಕಿಗಳ ಹಿಂದೆ ಒಬ್ಬ ಗೃಹಿಣಿಯ ಮಾತಿದೆ!

ಭಾರತದಲ್ಲಿ ಮೊದಲ ಎಟಿಎಂ ಬಂದದ್ದು 1987ರಲ್ಲಿ, ಮುಂಬಯಿಯಲ್ಲಿ. ನಂತರ ಕಾರ್ಡ್‌ನ ಕಾಲ. ಕಾರ್ಡ್ ಜೊತೆಗೆ ಕಾರ್ಡ್‌ನ ಕಳ್ಳರೂ ಬಂದರು. ಕಾರ್ಡ್ ಹಾಕುವ ಸೀಳಿಗೆ ಸಣ್ಣ ಸಾಧನ ಅಂಟಿಸಿ, ಮೇಲೊಂದು ಸಣ್ಣ ಕ್ಯಾಮೆರಾ ಇಟ್ಟು ಮಾಹಿತಿ ಕದ್ದು ನಕಲಿ ಕಾರ್ಡ್ ತಯಾರಿಸತೊಡಗಿದರು. ಇದನ್ನು ತಡೆಯಲು 2018ರ ಕೊನೆಯೊಳಗೆ ಹಳೆಯ ಕಪ್ಪು ಪಟ್ಟಿಯ ಕಾರ್ಡ್‌ಗಳನ್ನೆಲ್ಲ ಚಿಪ್ ಇರುವ ಕಾರ್ಡ್‌ಗಳಿಗೆ ಬದಲಿಸಲು ರಿಸರ್ವ್ ಬ್ಯಾಂಕ್ ಆದೇಶಿಸಿತು. 2019ರ ಮಾರ್ಚ್‌ನಲ್ಲಿ ಸ್ಟೇಟ್ ಬ್ಯಾಂಕ್ 'ಯೋನೋ ಕ್ಯಾಶ್' ಎಂಬ ಹೆಸರಿನಲ್ಲಿ ಕಾರ್ಡ್ ಇಲ್ಲದೆ ಹಣ ನೀಡುವ ವ್ಯವಸ್ಥೆ ತಂದಿತು. ಆಗ ಆಯಾ ಬ್ಯಾಂಕಿನ ಗ್ರಾಹಕರು ತಮ್ಮದೇ ಬ್ಯಾಂಕಿನ ಯಂತ್ರಕ್ಕೆ ಹೋಗಬೇಕಿತ್ತು.

2022ರ ಏಪ್ರಿಲ್ 8ರಂದು ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು ಯುಪಿಐ ಮೂಲಕ ಎಲ್ಲ ಬ್ಯಾಂಕುಗಳ ಎಟಿಎಂಗಳಲ್ಲೂ ಈ ಸೌಲಭ್ಯ ದೊರೆಯಬೇಕೆಂದು ಘೋಷಿಸಿದರು. ಕಾರ್ಡೇ ಇಲ್ಲದಿದ್ದರೆ ಕಾರ್ಡಿನ ನಕಲು, ಯಂತ್ರದಲ್ಲಿ ಕೈಚಳಕ ಮುಂತಾದ ವಂಚನೆಗಳೂ ಇರಲಾರವು ಎಂಬುದು ಅವರು ಕೊಟ್ಟ ಕಾರಣ. ಅದೇ ವರ್ಷ ಮೇ 19ರಂದು ಬ್ಯಾಂಕುಗಳಿಗೆ ಸುತ್ತೋಲೆ ಹೊರಟಿತು. 2023ರ ಜೂನ್‌ನಲ್ಲಿ ಬ್ಯಾಂಕ್ ಆಫ್ ಬರೋಡಾ, ಜುಲೈನಲ್ಲಿ ಸ್ಟೇಟ್ ಬ್ಯಾಂಕ್ ಇದನ್ನು ಆರಂಭಿಸಿದವು. ಬರೋಡಾ ಬ್ಯಾಂಕ್ ಆರಂಭದಲ್ಲಿ ಒಂದು ಸಲಕ್ಕೆ 5,000 ರೂ.ಯಂತೆ ದಿನಕ್ಕೆ ಎರಡು ಸಲ ಅವಕಾಶ ನೀಡಿತ್ತು. ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುವುದರಿಂದ ನಿಮ್ಮ ಶಾಖೆಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಯುಪಿಐಯಲ್ಲೇ ಅಂಗಡಿಗೂ ಹಣ ಕೊಡಬಹುದಲ್ಲ, ನಗದು ಯಾಕೆ ಎಂದು ಯುವಕರು ಕೇಳುತ್ತಾರೆ. ಹೊಲದ ಕೂಲಿ, ಸಂತೆಯ ತರಕಾರಿ, ಸ್ವದಕಾ, ಮನೆಗೆಲಸದವರ ಸಂಬಳ ಇವೆಲ್ಲ ನಮ್ಮ ಕಡೆ ಇನ್ನೂ ಬಹುಮಟ್ಟಿಗೆ ನಗದಿನಲ್ಲೇ ನಡೆಯುತ್ತವೆ. 2025ರ ಜುಲೈಯಲ್ಲಿ ಯುಪಿಐ ಲೆಕ್ಕದ ಆಧಾರದಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗ ಬೆಂಗಳೂರಿನ ಎಷ್ಟೋ ಸಣ್ಣ ವ್ಯಾಪಾರಿಗಳು ಕ್ಯೂಆರ್ ಚೀಟಿಯನ್ನೇ ತೆಗೆದು 'ನಗದು ಮಾತ್ರ' ಎಂಬ ಫಲಕ ಹಾಕಿದ್ದರು. ನಗದಿನ ಅಗತ್ಯ ಇಷ್ಟು ಬೇಗ ಮುಗಿಯದು.

ಮಾಡುವುದು ಹೇಗೆ?

ಎರಡು ವಿಧಾನಗಳಿವೆ. ಮೊದಲನೆಯದು ಯುಪಿಐ ವಿಧಾನ.

1. ಎಟಿಎಂ ಪರದೆಯಲ್ಲಿ ಯುಪಿಐ ಮೂಲಕ ಹಣ ಪಡೆಯುವ ಆಯ್ಕೆಯನ್ನು ಒತ್ತಿ. ಈ ಆಯ್ಕೆ ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ.

2. ಬೇಕಾದ ಮೊತ್ತವನ್ನು ನಮೂದಿಸಿ. ಪರದೆಯಲ್ಲಿ ಒಂದು ಕ್ಯೂಆರ್ ಕೋಡ್ ಮೂಡುತ್ತದೆ. ಇದು ಪ್ರತಿ ಸಲವೂ ಬೇರೆಯಾಗಿರುತ್ತದೆ, ಸ್ವಲ್ಪ ಹೊತ್ತು ಮಾತ್ರ ಇರುತ್ತದೆ.

3. ನಿಮ್ಮ ಮೊಬೈಲಿನಲ್ಲಿ ಬ್ಯಾಂಕಿನ ಆಪ್ ಅಥವಾ ಭೀಮ್ ಆಪ್ ತೆರೆದು ಅದನ್ನು ಸ್ಕ್ಯಾನ್ ಮಾಡಿ. ಎಲ್ಲ ಯುಪಿಐ ಆಪ್‌ಗಳಲ್ಲಿ ಈ ಸೌಲಭ್ಯ ಇಲ್ಲ.

4. ಮೊಬೈಲಿನಲ್ಲಿ ಕಾಣುವ ಮೊತ್ತವನ್ನು ಓದಿ. ನೀವು ಕೇಳಿದ್ದೂ ಅಲ್ಲಿರುವುದೂ ಒಂದೇ ಆಗಿದ್ದರೆ ಮಾತ್ರ ಯುಪಿಐ ಪಿನ್ ಒತ್ತಿ.

5. ಹಣ ಎಣಿಸಿಕೊಳ್ಳಿ. ಯಂತ್ರ ಮೊದಲ ಪರದೆಗೆ ಮರಳಿದ ಬಳಿಕವೇ ಅಲ್ಲಿಂದ ಹೊರಡಿ.

ಎರಡನೆಯದು ಬ್ಯಾಂಕಿನ ಆಪ್‌ನ ವಿಧಾನ. ಮನೆಯಲ್ಲೇ ಕುಳಿತು ಆಪ್‌ನಲ್ಲಿ ಮೊತ್ತ ನಮೂದಿಸಿದರೆ ಒಂದು ತಾತ್ಕಾಲಿಕ ಸಂಖ್ಯೆ ಸಿಗುತ್ತದೆ. ಅದನ್ನು ನಿಗದಿತ ಅವಧಿಯೊಳಗೆ ಅದೇ ಬ್ಯಾಂಕಿನ ಎಟಿಎಂನಲ್ಲಿ ಒತ್ತಬೇಕು. ಅವಧಿ ಮೀರಿದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಸಾಲಿನಲ್ಲಿ ನಿಂತು ಮೊಬೈಲ್ ತೆರೆಯಲು ಹಿಂಜರಿಯುವವರಿಗೆ ಇದು ಅನುಕೂಲ.

ಶುಲ್ಕದ ಬಗ್ಗೆ ಭಯ ಬೇಡ. ಕಾರ್ಡ್ ಇಲ್ಲದೆ ತೆಗೆದದ್ದಕ್ಕೆ ಬೇರೆ ಶುಲ್ಕ ವಿಧಿಸಬಾರದೆಂದು 2022ರ ಸುತ್ತೋಲೆಯಲ್ಲೇ ಇದೆ. ಆದರೆ ಉಚಿತ ಸಲಗಳ ಲೆಕ್ಕಕ್ಕೆ ಇದೂ ಸೇರುತ್ತದೆ. ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ, ನಮ್ಮಂತಹ ಊರುಗಳಲ್ಲಿ ಬೇರೆ ಬ್ಯಾಂಕಿನದರಲ್ಲಿ ಐದು ಸಲ ಉಚಿತ. ಅದರ ಮೇಲೆ 2025ರ ಮೇ 1ರಿಂದ ಒಂದು ಸಲಕ್ಕೆ ಗರಿಷ್ಠ 23 ರೂ. ಮತ್ತು ತೆರಿಗೆ. ಆದುದರಿಂದ ನೂರು, ಇನ್ನೂರು ಎಂದು ಮತ್ತೆ ಮತ್ತೆ ತೆಗೆಯುವ ಅಭ್ಯಾಸ ಒಳ್ಳೆಯದಲ್ಲ.

ಎಚ್ಚರ ತಪ್ಪಿದರೆ

ಕಾರ್ಡ್ ಹೋಯಿತೆಂದು ಕಳ್ಳರು ಹೋಗಲಿಲ್ಲ. ಅವರು ಈಗ ಮೊಬೈಲಿನ ಬಾಗಿಲಲ್ಲಿ ಕಾಯುತ್ತಿದ್ದಾರೆ.

"ಹಣ ಬರಬೇಕಾದರೆ ಎಂದೂ ಪಿನ್ ಒತ್ತಬೇಡಿ" ಎಂದು ನಾವು ಎಲ್ಲರಿಗೂ ಹೇಳುತ್ತೇವೆ. ಅದು ಸರಿಯಾದ ಮಾತು. ಆದರೆ ಎಟಿಎಂ ಮುಂದೆ ಪಿನ್ ಒತ್ತಿದರೇ ಹಣ ಬರುತ್ತದಲ್ಲ ಎಂದು ಕೆಲವರು ಗೊಂದಲಕ್ಕೀಡಾಗುತ್ತಾರೆ. ವ್ಯತ್ಯಾಸ ಇಷ್ಟೇ: ಇಲ್ಲಿ ನೀವು ನಿಮ್ಮದೇ ಖಾತೆಯಿಂದ ಹಣ ತೆಗೆಯುತ್ತಿದ್ದೀರಿ, ಅದಕ್ಕೆ ಪಿನ್ ಬೇಕು. ಬೇರೆಯವರು ನಿಮಗೆ ಹಣ ಕಳುಹಿಸುವುದಾದರೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಎಟಿಎಂ ಯಂತ್ರದ ಪರದೆಯೊಳಗೆ ಮೂಡಿದ ಕೋಡನ್ನು ಮಾತ್ರ ಸ್ಕ್ಯಾನ್ ಮಾಡಿ. ಗೋಡೆಗೆ ಅಂಟಿಸಿದ ಚೀಟಿಯಾಗಲಿ, ಪಕ್ಕದವರು ತೋರಿಸಿದ ಕೋಡಾಗಲಿ ಬೇಡವೇ ಬೇಡ.

ಆಪ್‌ನಿಂದ ಬಂದ ತಾತ್ಕಾಲಿಕ ಸಂಖ್ಯೆಯನ್ನು ನಗದಿನಂತೆಯೇ ಕಾಪಾಡಿ. ಹಾಸನದಲ್ಲಿ ಓದುತ್ತಿರುವ ಮಗನಿಗೆ ಹಣ ಬೇಕೆಂದರೆ ಆ ಸಂಖ್ಯೆಯನ್ನು ಫೋನಿನಲ್ಲಿ ಹೇಳುವ ಬದಲು, ಹಣವನ್ನು ಅವನ ಖಾತೆಗೇ ಕಳುಹಿಸಿ. ಅವನು ತನ್ನ ಮೊಬೈಲಿನಿಂದ ತೆಗೆಯಲಿ.

ನಿಮ್ಮ ಸಿಮ್ ಈಗ ನಿಮ್ಮ ಕೀಲಿಕೈ. ರೀಚಾರ್ಜ್ ಮಾಡದೆ, ಬಳಸದೆ ತೊಂಬತ್ತು ದಿನ ಬಿಟ್ಟರೆ ಆ ನಂಬರು ನಿಂತುಹೋಗಬಹುದು, ಮುಂದೆ ಬೇರೆಯವರ ಪಾಲಾಗಲೂಬಹುದು. ಬ್ಯಾಂಕಿಗೆ ಕೊಟ್ಟ ನಂಬರನ್ನು ಬದಲಿಸಿದ್ದರೆ ಮೊದಲು ಶಾಖೆಗೆ ತಿಳಿಸಿ. ಮೊಬೈಲ್ ಕಳೆದರೆ ಸಿಮ್ಮನ್ನೂ ಬ್ಯಾಂಕಿನ ಸೇವೆಯನ್ನೂ ಆ ಕ್ಷಣವೇ ನಿಲ್ಲಿಸಿ. ವಾಟ್ಸಾಪಿನಲ್ಲಿ ಬರುವ ಮದುವೆ ಆಮಂತ್ರಣ, ಸರಕಾರಿ ಯೋಜನೆ, ಬ್ಯಾಂಕ್ ನವೀಕರಣ ಎಂಬ ಹೆಸರಿನ ಕಡತಗಳನ್ನು ತೆರೆದು ಆಪ್ ಹಾಕಿಕೊಳ್ಳಬೇಡಿ. ಮಕ್ಕಳು ಆಟವಾಡುವ ಮೊಬೈಲಿನಲ್ಲಿ ಹಣದ ಆಪ್‌ಗೆ ಬೇರೆಯೇ ಬೀಗವಿರಲಿ.

ಇನ್ನೊಂದು ಮಾತು. ಅದೇ ಆಪ್‌ನ ಪರದೆಯಲ್ಲಿ 'ಈಗಲೇ ಸಾಲ' ಎಂಬ ಬಣ್ಣದ ಗುಂಡಿಗಳೂ ಮಿನುಗುತ್ತಿರುತ್ತವೆ. ಹಣ ತೆಗೆಯಲು ಹೋದವರು ತಿಳಿಯದೆ ಒತ್ತಿ ಬಡ್ಡಿಯ ಬಲೆಗೆ ಬಿದ್ದರೆ ಇಹಪರ ಎರಡರ ನಷ್ಟ. ಓದದೆ ಯಾವುದನ್ನೂ ಒತ್ತಬೇಡಿ.

ಹಣ ಬಾರದೆ ಖಾತೆಯಿಂದ ಕಡಿತವಾದರೆ ಗಾಬರಿ ಬೇಡ. ಎಟಿಎಂನ ಸಂಖ್ಯೆ, ಸಮಯ, ಬಂದ ಸಂದೇಶ ಇವನ್ನು ಉಳಿಸಿಕೊಂಡು ನಿಮ್ಮ ಬ್ಯಾಂಕಿಗೆ ದೂರು ಕೊಡಿ. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ಹಣ ತೆಗೆಯಲು ಯತ್ನಿಸಿದ ದಿನದ ನಂತರ ಐದು ದಿನಗಳೊಳಗೆ ಹಣ ಮರಳಬೇಕು. ತಡವಾದರೆ ದಿನಕ್ಕೆ 100 ರೂ.ಯಂತೆ ಪರಿಹಾರ ಕೊಡಬೇಕು. ಮೂವತ್ತು ದಿನಗಳಲ್ಲಿ ದೂರು ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ವಂಚನೆಯಾಗಿದ್ದರೆ ಒಂದು ಗಂಟೆಯನ್ನೂ ಕಳೆಯದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಕಳ್ಳನಿಗೇ ಲಾಭ.

ಕೀಪ್ಯಾಡ್ ಮೊಬೈಲಿನ ತಾಯಂದಿರು?

ಆ ಸಂಜೆ ನನ್ನನ್ನು ಪ್ರಶ್ನಿಸಿದ ತಾಯಿಯ ಬಳಿ ಇದ್ದದ್ದು ಗುಂಡಿ ಒತ್ತುವ ಮೊಬೈಲ್. ಅವರಿಗೆ ಈ ದಾರಿಯಿಲ್ಲ. ಅಂತಹವರಿಗೆ ಬ್ಯಾಂಕ್ ಮಿತ್ರರ ಬಳಿ ಬೆರಳಚ್ಚು ಕೊಟ್ಟು ಹಣ ಪಡೆಯುವ ವ್ಯವಸ್ಥೆ ಇದೆ. ಅದರಲ್ಲೂ ಮೋಸವಿಲ್ಲದಿಲ್ಲ. 2023ರಲ್ಲಿ ಆಸ್ತಿ ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಯಿಂದ ಹಣ ಲಪಟಾಯಿಸಿದ ದೂರುಗಳು ಮಂಗಳೂರು, ಬೆಂಗಳೂರುಗಳಲ್ಲಿ ದಾಖಲಾದವು. ಆಧಾರ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಡಲು, ಬೇಕಾದಾಗ ತೆರೆಯಲು ಅವಕಾಶವಿದೆ. ಹೆಬ್ಬೆಟ್ಟು ಒತ್ತಿದ ಪ್ರತಿ ಸಲವೂ ಚೀಟಿ ಕೇಳಿ ಪಡೆಯಿರಿ. "ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತಿ" ಎಂದರೆ ಮೊದಲು ಪಾಸ್‌ಬುಕ್ ನೋಡಿ.

ಮನೆಯಲ್ಲಿ ಓದಿದ ಮಗಳಿದ್ದರೆ ಅವಳ ಕರ್ತವ್ಯ ಇಲ್ಲಿದೆ. ದಾದಿಯ ಪರವಾಗಿ ತಾನೇ ಪಿನ್ ಒತ್ತುವುದು ಸೇವೆಯಲ್ಲ. ದಾದಿಯ ಬೆರಳಿಗೆ ಒತ್ತಲು ಕಲಿಸುವುದು ಸೇವೆ. ನಾಲ್ಕು ಸಲ ತಪ್ಪಬಹುದು, ಐದನೆಯ ಸಲ ಬರುತ್ತದೆ. ಕುರ್‌ಆನಿನ ಅಕ್ಷರಗಳನ್ನು ಅರುವತ್ತರ ವಯಸ್ಸಿನಲ್ಲಿ ಕಲಿತ ತಾಯಂದಿರನ್ನು ನಾನು ಕಂಡಿದ್ದೇನೆ. ಅವರಿಗೆ ನಾಲ್ಕು ಅಂಕಿಗಳು ಕಷ್ಟವೇ?

ನನ್ನದು ನನ್ನದೇ

ಮಹ್ರ್ ಹೆಣ್ಣಿಗೆ ಸೇರಿದ್ದು, ಅದನ್ನು ಅವಳಿಗೇ ಮನಃಪೂರ್ವಕ ಕೊಡಬೇಕು ಎಂದು ಸೂರಃ ಅನ್ನಿಸಾ ನಮಗೆ ಕಲಿಸುತ್ತದೆ. ಪುರುಷರಿಗೆ ತಮ್ಮ ಸಂಪಾದನೆಯಲ್ಲಿ ಪಾಲಿರುವಂತೆ ಸ್ತ್ರೀಯರಿಗೂ ತಮ್ಮ ಸಂಪಾದನೆಯಲ್ಲಿ ಪಾಲಿದೆ ಎಂಬುದನ್ನೂ ಅದೇ ಸೂರಃ ತಿಳಿಸುತ್ತದೆ. ಹಝ್ರತ್ ಖದೀಜಾ(ರ) ತಮ್ಮ ಬಂಡವಾಳವನ್ನು ತಾವೇ ನೋಡಿಕೊಂಡ ವ್ಯಾಪಾರಿಯಾಗಿದ್ದರು. ಹಾಗಿರುವಾಗ ಹಾಲಿನ ಬಟವಾಡೆಯೋ, ಬೀಡಿಯ ಕೂಲಿಯೋ, ಹೊಲಿಗೆಯ ಹಣವೋ ಯಾವುದೇ ಇರಲಿ, ಅದರ ಲೆಕ್ಕ ಹೆಣ್ಣಿಗೆ ಗೊತ್ತಿರಬೇಕಾದುದು ಹೊಸ ಫ್ಯಾಷನ್ ಅಲ್ಲ, ಹಳೆಯ ಹಕ್ಕು.

ಇದರ ಅರ್ಥ ಗಂಡನಿಂದ ಹಣ ಬಚ್ಚಿಡಿ ಎಂದಲ್ಲ. ಚನ್ನರಾಯಪಟ್ಟಣದ ಆ ಸಹೋದರಿ ಬಚ್ಚಿಡಲಿಲ್ಲ, ತಾವೇ ತೆಗೆದು ತಾವೇ ತಿಳಿಸಿದರು. ಕಷ್ಟದಲ್ಲಿರುವ ಪತಿಗೆ ಮನಸಾರೆ ಕೊಟ್ಟ ನೂರು ರೂಪಾಯಿಯಲ್ಲಿ ಇರುವ ಬರಕತ್, ಕೇಳದೆ ತೆಗೆದುಕೊಂಡ ಸಾವಿರದಲ್ಲಿ ಇರಲಾರದು. ಕೊಡಬೇಕಾದರೆ ಮೊದಲು ಅದು ನಮ್ಮ ಕೈಯಲ್ಲಿರಬೇಕು. ಓದುವ ಸಹೋದರರಿಗೂ ಒಂದು ಮಾತು: ನಿಮ್ಮ ಜೇಬಿನಲ್ಲಿ ಪತ್ನಿಯ ಅಥವಾ ತಾಯಿಯ ಕಾರ್ಡ್ ಇದ್ದರೆ ಅದು ಅಮಾನತ್ತು. ಇಂದೇ ಅದನ್ನು ಮರಳಿಸಿ, ಎಟಿಎಂಗೆ ಜೊತೆಗೆ ಕರೆದೊಯ್ದು ಕಲಿಸಿಕೊಡಿ.

ನೆನಪಿಡಿ, ಕಾರ್ಡ್ ಇಲ್ಲದ ಈ ವ್ಯವಸ್ಥೆ ತಾನಾಗಿಯೇ ಯಾರನ್ನೂ ಕಾಪಾಡದು. ಕಾರ್ಡನ್ನು ಕೊಟ್ಟಂತೆಯೇ ಮೊಬೈಲನ್ನೂ ಪಿನ್ನನ್ನೂ ಇನ್ನೊಬ್ಬರಿಗೆ ಒಪ್ಪಿಸಿದರೆ ನಾವು ನಿಂತಲ್ಲೇ ನಿಂತಿರುತ್ತೇವೆ. ಒಂಟೆಯನ್ನು ಕಟ್ಟಿಯೇ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಆ ಹಗ್ಗ ಇಂದು ನಮ್ಮ ನಾಲ್ಕು ಅಂಕಿಗಳಲ್ಲಿದೆ.

ಆ ತಾಯಿ ಅಂದು ಹೊರಡುವ ಮುನ್ನ ಚೀಲದಿಂದ ಆ ಕಾಗದದ ಚೂರನ್ನು ತೆಗೆದು ನನ್ನೆದುರೇ ಹರಿದರು. "ನಾಲ್ಕೇ ಅಲ್ಲವೇ, ನೆನಪಿಟ್ಟುಕೊಳ್ಳುತ್ತೇನೆ" ಎಂದರು. ನಮ್ಮ ದುಡಿಮೆಯ ಹಲಾಲ್ ಹಣವನ್ನು ಕಾಪಾಡಿಕೊಳ್ಳುವ ತಿಳಿವಳಿಕೆಯನ್ನೂ, ಅದನ್ನು ಒಳಿತಿಗೆ ಖರ್ಚು ಮಾಡುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.